ಗಡಿ ದಾಟಿದ ಕಡಸು

ಆಗಸ್ಟ್ ೧೪, ಬುಧವಾರ

ಪ್ರಿಂಟರ್ ಮತ್ತೆ ಮುನಿಸಿಕೊಂಡಿದೆ. ಸೌದೆ ಕೊಟ್ಟಿಗೆಯ ಅನುಮತಿ ಪತ್ರ ಕೈಯಲ್ಲೇ ಬರೆದು ಸೀಲು ಒತ್ತಿದೆ. ನಾಯಿ ಬಿಲ್ಲೆ ಎರಡು. ಕಸದ ಹಳದಿ ಚೀಲ ಒಂದು ಕಟ್ಟು. ಮುನ್ನೂರ ಹನ್ನೆರಡು ಜನರ ಪುರಸಭೆಗೆ ನಾನೊಬ್ಬಳೇ ಗುಮಾಸ್ತೆ. ಜನನ ಮರಣ ನಾನೇ, ನೀರು ನಾನೇ, ಗೋಮಾಳ ನಾನೇ. ಮೇಯರ್ ಸೆರಾಫಿನ್ ಇದ್ದಾನೆ, ಇಲ್ಲವೆನ್ನುವುದಿಲ್ಲ. ಬೇಕರಿ ಕೆಲಸ ಮುಗಿಸಿ ಹತ್ತಕ್ಕೆ ಬರುತ್ತಾನೆ, ಹಿಟ್ಟು ಮೆತ್ತಿದ ಕೈಯಲ್ಲಿ ಸಹಿ ಹಾಕುತ್ತಾನೆ, ಹೋಗುತ್ತಾನೆ.

ಒಬ್ಬ ಪ್ರವಾಸಿ ಬಂದು ಇಟಲಿ ಎಲ್ಲಿ ಎಂದು ಕೇಳಿದ. ಕಿಟಕಿಯಿಂದ ತೋರಿಸಿದೆ — ಆ ಬಂಡೆಸಾಲಿನ ಹಿಂದೆ. ಇಷ್ಟು ಹತ್ತಿರವೇ ಎಂದ. ಹತ್ತಿ ಹೋದರೆ ಐದು ತಾಸು, ಕಾರಲ್ಲಿ ಸುತ್ತಿ ಹೋದರೆ ಮೂರು ಎಂದೆ. ನಕ್ಕ. ನಾನೇನೂ ತಮಾಷೆ ಮಾಡಿರಲಿಲ್ಲ.

ಊಟದ ಬಿಡುವಿನಲ್ಲಿ ಬಾಗಿಲು ಹಾಕಿಕೊಂಡು, ದನ ಬೆಟ್ಟದಿಂದ ಇಳಿಯುವ ದಿನ ಅವುಗಳ ತಲೆಗೆ ಕಟ್ಟುವ ಕಾಗದದ ಹೂ ಮಾಡಿದೆ. ನಾಲ್ಕು ಕೆಂಪು, ಒಂದು ಹಳದಿ. ತಪ್ಪು ಅಂತ ಗೊತ್ತು. ಸೆಪ್ಟೆಂಬರ್ ಎಂಟರಂದು, ಮೇರಿ ಮಾತೆಯ ಹುಟ್ಟುಹಬ್ಬದ ದಿನ, ಮೇಲೆ ಗೋಮಾಳದಲ್ಲಿ ದನ ಎಣಿಸಿ ಎಲ್ಲ ಸರಿಯಿದೆ ಎಂದ ಮೇಲೆಯೇ ಹೂವಿಗೆ ಕೈ ಹಾಕಬೇಕು. ಮೊದಲೇ ಹಾಕಿದರೆ ಕೇಡು. ನಮ್ಮೂರಲ್ಲಿ ಐದು ವರ್ಷದ ಮಗುವಿಗೂ ಇದು ಗೊತ್ತು. ಐವತ್ತಾರರ ನನಗೂ ಗೊತ್ತು. ಆದರೂ ಕೈ ಸುಮ್ಮನಿರುವುದಿಲ್ಲ.

ಹೂಗಳನ್ನು "ಚುನಾವಣೆ — ಹಳೆಯದು" ಎಂಬ ಡಬ್ಬದಲ್ಲಿಟ್ಟೆ. ಅದನ್ನು ಯಾರೂ ತೆರೆಯುವುದಿಲ್ಲ.

ಆಗಸ್ಟ್ ೧೮, ಭಾನುವಾರ

ಅಕ್ಕನ ಹತ್ತಿರ ಹೋಗಿ ಬಂದೆ. ಹಿಟ್ಟು, ಟಾರ್ಚಿನ ಸೆಲ್ಲು, ಮೊಣಕಾಲಿನ ಮುಲಾಮು ಹೊತ್ತು ಎರಡೂವರೆ ತಾಸಿನ ಏರು. ಬುರ್ಗಾ ಅಕ್ಕ ಬಾಗಿಲ ಬಳಿ ಮೊಸರು ಕಡೆಯುತ್ತಿದ್ದಳು. ಎದ್ದು ನಿಂತಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಾನು ನೋಡಲಿಲ್ಲ ಎನ್ನುವ ಹಾಗೆ ಬೇರೆ ಕಡೆ ನೋಡಿದೆ. ಸಹಾಯಕ್ಕೆ ಕೈ ಚಾಚಿದರೆ ಕಚ್ಚಿಯಾಳು.

ಊರ ದನ ಕಾಯುತ್ತ ಇದು ಅವಳ ಮೂವತ್ತೊಂಬತ್ತನೆಯ ಬೇಸಿಗೆ ಮೇಲೆ. ಕೊನೆಯದು ಕೂಡ. ಅಕ್ಟೋಬರಿನಲ್ಲಿ ಎರಡೂ ಮೊಣಕಾಲಿನ ಆಪರೇಷನ್, ಆಮೇಲೆ ಈ ಏರು ಹತ್ತಬೇಡಿ ಎಂದಿದ್ದಾರೆ ಡಾಕ್ಟರು. ಹೋದ ವರ್ಷ ಕೊನೆಯ ವಾರ ಒಂದು ಕರು ಕಂದಕಕ್ಕೆ ಬಿತ್ತು. ಅದರ ಹಿಂದಿನ ವರ್ಷ ಸಿಡಿಲಿಗೆ ಎರಡು ಹಸು. ಎರಡು ವರ್ಷವೂ ಕೊರಳ ಗಂಟೆಗಳಿಗೆ ಹುಲ್ಲು ತುರುಕಿ, ಹೂಕಿರೀಟವಿಲ್ಲದೆ, ಸದ್ದಿಲ್ಲದೆ ಇಳಿಸಿದಳು. ಹತ್ತಿದ ದನ ಅಷ್ಟೂ ಇಳಿದರೆ ಮಾತ್ರ ಹೂವು, ಅಷ್ಟೇ ನಿಯಮ. ಎರಡು ವರ್ಷವೂ ಅವಳು ಅಳಲಿಲ್ಲ. ದನ ಕಟ್ಟಿ, ಮುಖ ತೊಳೆದು, ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಸಲ ನಲವತ್ತಮೂರು ಹತ್ತಿವೆ. ಈ ತನಕ ನಲವತ್ತಮೂರೂ ಇವೆ. ಈ ಸಲವಾದರೂ ಹೂವಿನ ಜೊತೆ ಇಳಿಯುತ್ತೀಯ ನೋಡು ಎಂದೆ. ಆಸೆ ಹಚ್ಚಬೇಡ, ಮಜ್ಜಿಗೆ ಕುಡಿ ಎಂದಳು.

ಆಸೆ ಅವಳಿಗೂ ಇದೆ. ತಂಗಿಗೆ ಗೊತ್ತಾಗದೆ ಇರುತ್ತದೆಯೇ.

ಆಗಸ್ಟ್ ೨೩

ಹದಿನೇಳು ಹೂ ಆದವು. ನೀಲಿ ಕಾಗದ ಮುಗಿಯಿತು.

ಆಗಸ್ಟ್ ೨೯, ಗುರುವಾರ, ಬೆಳಿಗ್ಗೆ ೮

ಅಕ್ಕನ ಫೋನು. ಮೇಲಿನ ಮನೆಯಲ್ಲಿ ಸಿಗ್ನಲ್ ಸಿಗುವುದು ನೀರಿನ ತೊಟ್ಟಿಯ ಕಟ್ಟೆ ಹತ್ತಿದರೆ ಮಾತ್ರ. ಈ ಕಾಲಲ್ಲಿ ಕಟ್ಟೆ ಹತ್ತಿದ್ದಾಳೆಂದರೆ ಒಳ್ಳೆಯ ಸುದ್ದಿಯಲ್ಲ ಎಂದು ಎತ್ತುವ ಮೊದಲೇ ಗೊತ್ತಾಯಿತು.

ಲೋರೆ ಇಲ್ಲ. ಸೆರಾಫಿನ್‌ನ ಕಡಸು, ಎರಡು ವರ್ಷದ್ದು, ಹಣೆ ಮೇಲೆ ಬಿಳಿ ಮಚ್ಚೆ. ನಿನ್ನೆ ಮಧ್ಯಾಹ್ನದ ಗುಡುಗಿಗೆ ದಿಕ್ಕಾಪಾಲಾಗಿ ಓಡಿದ ದನಗಳಲ್ಲಿ ಅದೊಂದು ಮರಳಿಲ್ಲ.

ಡಬ್ಬ ತೆಗೆದು ನೋಡಿದೆ. ಇಪ್ಪತ್ತೆರಡು ಹೂ ನನ್ನನ್ನೇ ನೋಡುತ್ತಿದ್ದವು. ನಾನೇ ಮಾಡಿದ್ದು ಇದು.

ಆಗಸ್ಟ್ ೩೧

ಮೂರು ದಿನದಿಂದ ಊರಿನ ಗಂಡಸರೆಲ್ಲ ಹುಡುಕುತ್ತಿದ್ದಾರೆ. ಕಂದಕ ನೋಡಿದರು, ಹಳ್ಳ ನೋಡಿದರು. ಏನೂ ಇಲ್ಲ. ಹದ್ದುಗಳೂ ಇಲ್ಲ — ಅದೊಂದು ಸಮಾಧಾನ.

ಸೆರಾಫಿನ್ ಕಡಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಬುರ್ಗಾ ಊಟ ಮಾಡ್ತಿದ್ದಾಳಾ ಎಂದಷ್ಟೇ ಕೇಳಿದ. ಇಂಥ ಹೊತ್ತಿನಲ್ಲಿ ಇವನು ಒಳ್ಳೆಯ ಮೇಯರ್ ಅನ್ನಿಸಿಬಿಡುತ್ತದೆ.

ಸೆಪ್ಟೆಂಬರ್ ೩, ಮಂಗಳವಾರ

ಸಿಕ್ಕಿತು! ಸಿಕ್ಕಿತು, ಸಿಕ್ಕಿತು.

ಹತ್ತೂಕಾಲಿಗೆ ಫೋನು. ಬಂಡೆಸಾಲಿನ ಆಚೆಯ ಪುರಸಭೆಯ ಗುಮಾಸ್ತ ಇಂಗೆನುಯಿನ್. ಹತ್ತೊಂಬತ್ತು ವರ್ಷದಿಂದ ಫೋನಿನಲ್ಲಿ ಪರಿಚಯ. ಗಡಿಕಲ್ಲು ವಾಲಿದರೆ, ದಾರಿ ತಪ್ಪಿದ ಪ್ರವಾಸಿ ಸಿಕ್ಕಿದರೆ, ಹಿಮ ಕುಸಿದರೆ ಮಾತಾಡುತ್ತೇವೆ. ಇನ್ನೂ ಮುಖ ನೋಡಿಲ್ಲ. ಎಂದಿನ ಒಣ ದನಿಯಲ್ಲಿ, ನಿಮ್ಮಲ್ಲಿ ಏನಾದರೂ ಕಮ್ಮಿಯಾಗಿದೆಯೇ ಎಂದು ಕೇಳಿದರು. ಹಣೆ ಮೇಲೆ ಬಿಳಿ ಮಚ್ಚೆಯಿದೆಯಂತೆ, ಅವರ ಗೋಮಾಳದಲ್ಲಿ ಅವರದೇ ಕತ್ತೆಯ ಪಕ್ಕ ನಿಂತು ಮೇಯುತ್ತಿದೆಯಂತೆ. ಸುಖವಾಗಿದೆ, ಸ್ವಲ್ಪ ದಪ್ಪವೂ ಆಗಿದೆ ಎಂದರು.

ಕುರ್ಚಿಯಲ್ಲಿ ಕೂತು ಅತ್ತೆ. ಹಲೋ, ಹಲೋ ಎಂದರು. ನೆಗಡಿ ಎಂದೆ.

ಸೆಪ್ಟೆಂಬರ್ ೪

ಸಂತೋಷ ಒಂದು ದಿನದ್ದು. ಜಿಲ್ಲೆಯ ಪಶುವೈದ್ಯರಿಗೆ ಫೋನ್ ಮಾಡಿದೆ. ಕಡಸು ಈಗ ಹೊರದೇಶದಲ್ಲಿದೆ. ಹೊರದೇಶದ ದನ ಒಳಗೆ ಬರಬೇಕಾದರೆ ಆಚೆ ರಕ್ತ ಪರೀಕ್ಷೆ, ಪ್ರಮಾಣಪತ್ರ, ಈಚೆ ಒಪ್ಪಿಗೆ, ಆಮೇಲೆ ಲಾರಿಯಲ್ಲಿ ಹೆದ್ದಾರಿ ಸುತ್ತಿ. ಎಷ್ಟು ದಿನ ಎಂದೆ. ನಾಲ್ಕು ವಾರ, ಬೇಗ ಆದರೆ.

ದನ ಇಳಿಯುವುದು ಇಪ್ಪತ್ತೊಂದಕ್ಕೆ. ಆಮೇಲೆ ಮೇಲೆ ಹಿಮ ಬಿದ್ದೀತು, ಕಾಯಲಾಗದು. ಅದು ಹೋಗುವಾಗ ಯಾವ ಪತ್ರವೂ ಇರಲಿಲ್ಲವಲ್ಲ ಎಂದೆ. ಅದು ಅದರ ತಪ್ಪು ಎಂದರು.

ಸೆಪ್ಟೆಂಬರ್ ೬, ಶುಕ್ರವಾರ

ಪುರಸಭೆಯ ಸಭೆ. ಒಂದೇ ವಿಷಯ — ಲೋರೆ ಲೆಕ್ಕಕ್ಕೆ ಸೇರುತ್ತದೆಯೋ ಇಲ್ಲವೋ. ಒಂಬತ್ತು ಜನ ಸದಸ್ಯರು ಎರಡು ತಾಸು ಜಗಳವಾಡಿದರು. ಸತ್ತರೆ ತಾನೇ ಕಮ್ಮಿ, ಇದು ಸತ್ತಿಲ್ಲ ಎಂದರು ಕೆಲವರು. ಇಳಿಯಬೇಕು ಅಂದರೆ ಇಳಿಯಬೇಕು ಎಂದರು ಉಳಿದವರು. ಕೊನೆಗೆ ಸೆರಾಫಿನ್ ಎದ್ದು ನಿಂತ. "ನಮ್ಮಣ್ಣ ಮೂವತ್ತು ವರ್ಷದಿಂದ ಹ್ಯಾಂಬರ್ಗಿನಲ್ಲಿದ್ದಾನೆ. ಅವನು ಸತ್ತ ಅಂತ ನಾವೇನು ಕಪ್ಪು ಬಟ್ಟೆ ಹಾಕ್ಕೊಂಡ್ವಾ? ಕಡಸೂ ಹಂಗೇ. ಪರದೇಶಕ್ಕೆ ಹೋಗಿದೆ, ಅಷ್ಟೇ."

ಆರು ಕೈ ಪರ, ಮೂರು ವಿರುದ್ಧ. ಹೂವಿಗೆ ಒಪ್ಪಿಗೆ. ನಡಾವಳಿಯಲ್ಲಿ ಬರೆದೆ, ಸೀಲು ಒತ್ತಿದೆ. ಮೇಜಿನಡಿ ಕಾಲು ಕುಣಿಯುತ್ತಿತ್ತು.

ಸೆಪ್ಟೆಂಬರ್ ೮, ಭಾನುವಾರ

ಎಣಿಕೆ. ನಡಾವಳಿಯ ಪ್ರತಿ ಹಿಡಿದು ಮೇಲೆ ಹೋದೆವು, ನಾನೂ ಸೆರಾಫಿನ್ನೂ. ಅಕ್ಕ ಬೇಲಿಯ ಬಾಗಿಲಲ್ಲಿ ನಿಂತು ಒಂದೊಂದರ ಬೆನ್ನು ತಟ್ಟಿ ಎಣಿಸಿದಳು. ನಲವತ್ತೆರಡು. ಕಾಗದ ಕೊಟ್ಟೆ. ಪೂರ್ತಿ ಓದಿದಳು. ನಾಲ್ಕಾಗಿ ಮಡಚಿ ಏಪ್ರನ್ನಿನ ಜೇಬಿಗಿಟ್ಟಳು.

"ಚೆನ್ನಾಗಿ ಬರ್ದಿದೀಯ ಮೆನಾ. ಆದ್ರೆ ದನ ಕಾಯೋಳು ನಾನು, ಸಭೆ ಅಲ್ಲ. ನಲವತ್ಮೂರು ಹತ್ಸಿದೀನಿ. ನಲವತ್ಮೂರು ಇಳಿಸ್ಬೇಕು. ಇಲ್ಲಾಂದ್ರೆ ಹೂ ಬೇಡ."

ಸೆರಾಫಿನ್ ಬೇಡಿಕೊಂಡ. ಮಾಲೀಕ ನಾನೇ ಹೇಳುತ್ತಿದ್ದೇನೆ ಎಂದ. ಅವನಿಗೆ ಬೆಣ್ಣೆ ಹಚ್ಚಿದ ಬ್ರೆಡ್ ಕೊಟ್ಟು ಬಾಯಿ ಮುಚ್ಚಿಸಿದಳು.

ಇಬ್ಬರೂ ಇಳಿದು ಬಂದೆವು. ಎಂಥ ಹಟಮಾರಿ ಹೆಂಗಸು. ಸಿಟ್ಟು ಬಂತು. ಅಷ್ಟೇ ಹೆಮ್ಮೆಯೂ ಆಯಿತು, ಅದು ಇನ್ನೊಂದು ಸಿಟ್ಟು.

ಸೆಪ್ಟೆಂಬರ್ ೧೦, ಮಂಗಳವಾರ

ಇಂಗೆನುಯಿನ್‌ಗೆ ಫೋನ್ ಮಾಡಿದೆ. ಪ್ರಮಾಣಪತ್ರ ಎಲ್ಲಿಗೆ ಬಂತು ಎಂದು ಕೇಳುವ ನೆಪ. ಕೇಳಿದ್ದು ಅದನ್ನೇ, ಆದರೆ ಬಾಯಿಂದ ಬಂದದ್ದು ಎಲ್ಲ. ಅಕ್ಕನ ಮೊಣಕಾಲು, ಸಿಡಿಲು, ಕರು, ಹುಲ್ಲು ತುರುಕಿದ ಗಂಟೆ. ಹೂವಿನ ವಿಷಯವೂ! ಹೆತ್ತ ತಾಯಿ ಬದುಕಿದ್ದರೆ ಅವಳಿಗೂ ಹೇಳುತ್ತಿರಲಿಲ್ಲ, ಮುಖ ನೋಡದ ಗಂಡಸಿಗೆ ಹೇಳಿಬಿಟ್ಟೆ.

ಆ ಕಡೆ ಪುಟ ತಿರುವುವ ಸದ್ದು. ಆಮೇಲೆ ಹವಾಮಾನ ವರದಿ ಓದುವವರ ಹಾಗೆ ಹೇಳಿದರು:

"ಗುರುವಾರ ನಾನು ಮೇಲೆ ಗಡಿಬೇಲಿ ರಿಪೇರಿಗೆ ಹೋಗ್ತಾ ಇದೀನಿ. ಹನ್ನೊಂದರಿಂದ ಹನ್ನೆರಡರ ತನಕ ತಂತಿ ಬಿಚ್ಚಿರತ್ತೆ. ಆಗ ನಾನು ನಮ್ಮ ಕಡೆ ಕಂಬ ನೋಡ್ತಾ ಇರ್ತೀನಿ. ಬೆನ್ನ ಹಿಂದೆ ಏನಾಗತ್ತೋ ನಂಗೆ ಗೊತ್ತಾಗಲ್ಲ. ಕಡಸು ಯಾರನ್ನೂ ಕೇಳದೆ ಬಂತು. ಕೇಳದೆ ಹೋಗೋದಾದ್ರೆ ನಾನೇನು ಮಾಡಕ್ಕಾಗತ್ತೆ ಹೇಳಿ."

ಏನೂ ಆಗುವುದಿಲ್ಲ ಎಂದೆ.

ಸೆಪ್ಟೆಂಬರ್ ೧೨, ಗುರುವಾರ — ಸಂಜೆ ೫, ಮೇಲಿನ ಮನೆಯಿಂದ

ಕಾಲು ಎರಡೂ ಉರಿಯುತ್ತಿವೆ. ನಗು ಇನ್ನೂ ನಿಂತಿಲ್ಲ. ಮರೆಯುವ ಮೊದಲು ಬರೆದಿಡಬೇಕು.

ಬೆಳಿಗ್ಗೆ ಆಫೀಸಿನ ಬಾಗಿಲಿಗೆ "ಗಡಿ ಪರಿಶೀಲನೆ ನಿಮಿತ್ತ ರಜೆ" ಎಂದು ಚೀಟಿ ಅಂಟಿಸಿದೆ. ಸುಳ್ಳಲ್ಲ. ಅಕ್ಕನ ಮನೆ ತಲುಪಿ ವಿಷಯ ಹೇಳಿದೆ. ಯಾರೂ ಅದನ್ನು ಹಗ್ಗ ಹಾಕಿ ಎಳೆಯುವುದಿಲ್ಲ, ತಾನಾಗಿ ಬಂದರೆ ಬಂತು ಎಂದೆ. ಯೋಚಿಸಿದಳು. ತಾನಾಗಿ ಬಂದರೆ ಅದು ನನ್ನ ದನ ಎಂದಳು. ಬಂಡೆಸಾಲಿನ ತನಕ ಅವಳ ಕಾಲು ಬರುವುದಿಲ್ಲ. ತನ್ನ ಏಪ್ರನ್ ಬಿಚ್ಚಿ ನನಗೆ ಕಟ್ಟಿದಳು, ವಾಸನೆಗೆ. ಜೇಬಿಗೆ ಉಪ್ಪು ತುಂಬಿದಳು.

ಹನ್ನೊಂದಕ್ಕೆ ಮೇಲಿದ್ದೆ. ಗಾಳಿ, ಬಿಸಿಲು, ಆಕಾಶ ತೊಳೆದಿಟ್ಟ ಹಾಗೆ. ಬೇಲಿಯ ತಂತಿ ನಾಲ್ಕು ಮೀಟರಿನಷ್ಟು ಬಿಚ್ಚಿತ್ತು. ಆಚೆ ಒಬ್ಬ ಗಂಡಸು ನನಗೆ ಬೆನ್ನು ಮಾಡಿ ಒಂದು ಕಂಬವನ್ನು ಬಹಳ ಗಂಭೀರವಾಗಿ ನೋಡುತ್ತಾ ನಿಂತಿದ್ದ. ಕಂಬಕ್ಕೆ ಏನೂ ಆಗಿರಲಿಲ್ಲ. ಇನ್ನೂರು ಹೆಜ್ಜೆ ಕೆಳಗೆ ಲೋರೆ, ಪಕ್ಕದಲ್ಲಿ ಬೂದು ಕತ್ತೆ.

ಕರೆದೆ. ಅಕ್ಕ ಕರೆಯುವ ಹಾಗೆಯೇ — ಹೊಯ್ಯೋ, ಸಾ ಸಾ ಸಾ. ಲೋರೆ ತಲೆಯೆತ್ತಿ ನೋಡಿತು, ಮತ್ತೆ ಮೇಯತೊಡಗಿತು. ಏಪ್ರನ್ ಬೀಸಿದೆ. ಉಪ್ಪು ತೋರಿಸಿದೆ. ಅರ್ಧ ತಾಸು ಗಂಟಲು ಹರಿದುಕೊಂಡೆ. ಕಂಬದ ಕಡೆ ಮುಖ ಮಾಡಿದವನ ಭುಜ ಕುಲುಕುತ್ತಿತ್ತು, ನಗುತ್ತಿದ್ದ.

ಆಗ ಹೊಳೆಯಿತು. ಅಲ್ಲಿ ಇಟಲಿಯ ಸಿಗ್ನಲ್ ಪೂರ್ತಿ ಸಿಗುತ್ತದೆ. ಅಕ್ಕನಿಗೆ ಫೋನ್ ಹಚ್ಚಿದೆ. ಏನಾದರೂ ಸುದ್ದಿ ಬಂದೀತೆಂದು ತೊಟ್ಟಿಯ ಕಟ್ಟೆ ಹತ್ತಿಯೇ ನಿಂತಿದ್ದಳು ಪುಣ್ಯಾತ್ಗಿತ್ತಿ. ಅಕ್ಕಾ, ನೀನೇ ಕರೆ, ಜೋರಾಗಿ ಎಂದು ಹೇಳಿ ಸ್ಪೀಕರ್ ಹಾಕಿ ಫೋನನ್ನು ತಲೆಯ ಮೇಲೆ ಎತ್ತಿ ಹಿಡಿದೆ.

ಹೊಯ್ಯೋ — ಸಾ ಸಾ ಸಾ ಸಾ!

ಲೋರೆಯ ಕಿವಿ ನಿಮಿರಿತು. ಬಾಯಲ್ಲಿದ್ದ ಹುಲ್ಲು ಹಾಗೆಯೇ. ಫೋನು ಇನ್ನೊಂದು ಸಲ ಕರೆಯಿತು, ಈಗ ಸಿಟ್ಟಿನಲ್ಲಿ, ಹೆಸರು ಹಿಡಿದು, ಎಲ್ಲಿ ಸಾಯ್ತಿದ್ದೀಯ ಅನ್ನುವ ದನಿಯಲ್ಲಿ. ಲೋರೆ ಹೊರಟಿತು. ಮೊದಲು ನಡೆಯಿತು, ಆಮೇಲೆ ಓಡಿತು. ತಂತಿ ಬಿಚ್ಚಿದ ಜಾಗದಲ್ಲಿ ನಿಲ್ಲಲೂ ಇಲ್ಲ. ನನ್ನನ್ನು ದಾಟಿ, ಉಪ್ಪಿನ ಕಡೆ ಕಣ್ಣೂ ಹಾಯಿಸದೆ, ಅಕ್ಕ ಇರುವ ಕಡೆ ಇಳಿಯಿತು.

ಹಿಂದೆಯೇ ಕತ್ತೆ.

"ಕಾರ್ದಿನಾಲ್!" ಎಂದು ಕೂಗಿದರು ಇಂಗೆನುಯಿನ್. ಕತ್ತೆಯ ಹೆಸರು. ಕಾರ್ದಿನಾಲ್ ತಿರುಗಿಯೂ ನೋಡಲಿಲ್ಲ. ಇಬ್ಬರೂ ತಂತಿಯ ಎರಡು ಬದಿ ನಿಂತು ಅದು ದೇಶ ಬಿಡುವುದನ್ನು ನೋಡಿದೆವು. ಹತ್ತೊಂಬತ್ತು ವರ್ಷ ಆ ದನಿಗೆ ಮನಸ್ಸಿನಲ್ಲೇ ಆರಡಿ ಎತ್ತರ ಕೊಟ್ಟಿದ್ದೆ. ನನ್ನ ಭುಜಕ್ಕೆ ಬರುತ್ತಾರೆ. ಕಣ್ಣು ಮಾತ್ರ ದನಿಯ ಹಾಗೆ ಒಣ ಅಲ್ಲ.

ಈಗ ನಿಮ್ಮ ಕತ್ತೆಯನ್ನು ಏನು ಮಾಡೋಣ ಎಂದೆ. ಎರಡು ಸಾವಿರ ಮೀಟರ್ ದಾಟಿದ ಮೇಲೆ ಯಾರೂ ಯಾರಿಗೂ 'ನೀವು' ಅನ್ನುವುದಿಲ್ಲ, ಅದು ಎರಡೂ ಕಡೆಯ ನಿಯಮ ಎಂದರು. ಸರಿ, ನಿನ್ನ ಕತ್ತೆ ಎಂದೆ. ಕತ್ತೆಗೆ ಪಾಸ್‌ಪೋರ್ಟ್ ಇದೆಯಂತೆ! ಕುದುರೆ ಕತ್ತೆಗಳಿಗೆಲ್ಲ ಕೊಡುತ್ತಾರಂತೆ, ದನಕ್ಕಿಲ್ಲ. ಇಪ್ಪತ್ತೊಂದಕ್ಕೆ ಪಾಸ್‌ಪೋರ್ಟ್ ಹಿಡಿದು ರಸ್ತೆಯಲ್ಲೇ ಬರುತ್ತೇನೆ ಎಂದ. ಜೇಬಿನಿಂದ ಒಣಗಿಸಿದ ಪಿಯರ್ ಹಣ್ಣಿನ ಬ್ರೆಡ್ಡು ತೆಗೆದು ಅರ್ಧ ಮುರಿದು ತಂತಿಯ ಮೇಲಿಂದ ಕೊಟ್ಟ. ಬಹಳ ರುಚಿಯಾಗಿತ್ತು.

ಕೆಳಗೆ ಬಂದಾಗ ಅಕ್ಕ ಲೋರೆಯ ಕತ್ತು ತಬ್ಬಿಕೊಂಡು ಅದಕ್ಕೆ ಹಿಗ್ಗಾಮುಗ್ಗಾ ಬಯ್ಯುತ್ತಿದ್ದಳು. ಕತ್ತೆ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿತ್ತು.

ಅಷ್ಟು ಖುಷಿಯಲ್ಲಿ ಇನ್ನು ಮುಚ್ಚಿಡಲಾಗಲಿಲ್ಲ. ಅಕ್ಕಾ, ತಪ್ಪು ನಂದು, ಆಗಸ್ಟಿನಲ್ಲೇ ಹೂ ಶುರು ಮಾಡಿದ್ದೆ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಚೀಸ್ ಇಡುವ ನೆಲಮಾಳಿಗೆಗೆ ಇಳಿದಳು, ಒಂದೊಂದೇ ಮೆಟ್ಟಿಲು. ಬಿಳಿ ಬಟ್ಟೆ ಸುತ್ತಿದ ಏನೋ ತಂದಳು. ಬಿಚ್ಚಿದಳು. ಮಂದೆಯ ಮುಂದೆ ನಡೆಯುವ ಹಸುವಿನ ಹೂಕಿರೀಟ. ಪೂರ್ತಿ ಆಗಿತ್ತು. ನಡುವೆ ಕನ್ನಡಿ, ಸುತ್ತ ಗುಲಾಬಿ, ಮೇಲೆ ಸಣ್ಣ ಶಿಲುಬೆ. ಚೀಸಿನ ವಾಸನೆ ಹೊಡೆಯುತ್ತಿತ್ತು.

"ನಾನು ಜುಲೈನಲ್ಲಿ," ಎಂದಳು.

ಬೆಂಚಿನ ಮೇಲೆ ಕುಸಿದು ನಕ್ಕೆವು. ಅರವತ್ತೊಂದರ ಅಕ್ಕ, ಐವತ್ತಾರರ ನಾನು, ಪಕ್ಕೆ ಹಿಡಿದುಕೊಂಡು. ಮತ್ತೆ ಎಂಟರಂದು ಯಾಕೆ ಅಷ್ಟು ಹಟ ಮಾಡಿದೆ ಎಂದೆ. ಕಣ್ಣೊರೆಸಿಕೊಂಡಳು. ಹೂ ಮಾಡುವಾಗ ಯಾರೂ ನೋಡುತ್ತಿರಲಿಲ್ಲ, ದನದ ತಲೆಗೆ ಕಟ್ಟಿ ಊರ ನಡುವೆ ಇಳಿಸುವುದು ಬೇರೆ, ಅಲ್ಲಿ ಸುಳ್ಳು ಹೇಳುವುದಕ್ಕೆ ಆಗುವುದಿಲ್ಲ ಮೆನಾ ಎಂದಳು.

ಸೆಪ್ಟೆಂಬರ್ ೧೩

ಪಶುವೈದ್ಯರಿಗೆ ಪತ್ರ ಬರೆದೆ. "ಸದರಿ ಕಡಸು ತಾನಾಗಿಯೇ ಮರಳಿರುವುದರಿಂದ ಅರ್ಜಿ ಹಿಂತೆಗೆದುಕೊಳ್ಳಲಾಗಿದೆ." ಅವರು ಬಂದು ನೋಡಿದರು, ರಕ್ತ ತೆಗೆದುಕೊಂಡರು, ಫಲಿತಾಂಶ ಬರುವ ತನಕ ಬೇರೆ ಕಟ್ಟಿಡಿ ಎಂದರು. ಹೊರಡುವಾಗ ಕತ್ತೆ ಯಾರದು ಎಂದರು. ಅತಿಥಿ ಎಂದೆ.

ಸೆಪ್ಟೆಂಬರ್ ೧೮, ಬುಧವಾರ

ಫಲಿತಾಂಶ ಬಂತು. ಲೋರೆ ಗಟ್ಟಿಮುಟ್ಟು.

ಪುರಸಭೆಯ ಹಾಲಿನಲ್ಲಿ ಇಡೀ ಊರು ಹೂ ಮಾಡುತ್ತಿದೆ. ನೆಲದ ತುಂಬ ಫರ್ ಮರದ ಸೊಪ್ಪು. ಸೆರಾಫಿನ್ ಬೇಕರಿಗೆ ರಜೆ ಕೊಟ್ಟು ತಂತಿ ಬಗ್ಗಿಸುತ್ತಿದ್ದಾನೆ. ಡಬ್ಬ ತೆರೆದು ನನ್ನ ಹೂಗಳನ್ನು ರಾಶಿಗೆ ಸುರಿದೆ. ಸೆರಾಫಿನ್ ಡಬ್ಬದ ಮೇಲಿನ ಚೀಟಿ ಓದಿದ, ನನ್ನ ಮುಖ ನೋಡಿದ. "ಹಳೇ ಚುನಾವಣೆ ಇಷ್ಟು ಚಂದ ಇತ್ತಾ?" ಎಂದ. ಕೆಲಸ ನೋಡು ಎಂದೆ.

ಸೆಪ್ಟೆಂಬರ್ ೨೧, ಶನಿವಾರ, ಬೆಳಿಗ್ಗೆ ೧೦.೪೦

ಆಫೀಸಿನ ಮೇಲ್ಗಿಟಕಿ. ಗೋಮಾಳದ ರಿಜಿಸ್ಟರ್ ತೆರೆದಿದೆ, ಇಳಿದ ದನ ಇಲ್ಲಿಂದಲೇ ಎಣಿಸಿ ಬರೆಯಬೇಕು. ಇಪ್ಪತ್ತಾರು ವರ್ಷದಿಂದ ಹಾಗೆಯೇ. ದನ ಇನ್ನೂ ಕಾಣಿಸಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಂಗೆನುಯಿನ್ ಒಂಬತ್ತಕ್ಕೇ ಬಂದ. ಇಸ್ತ್ರಿ ಮಾಡಿದ ಅಂಗಿ. ಕತ್ತೆಯ ಪಾಸ್‌ಪೋರ್ಟನ್ನು ನನ್ನ ಮೇಜಿನ ಮೇಲಿಟ್ಟು, ಪರಿಶೀಲಿಸು ಎಂದ. ಇಲ್ಲಿ ಸಾವಿರದ ಇನ್ನೂರು ಮೀಟರ್ ಮಾತ್ರ, 'ನೀವು' ಶುರು ಮಾಡಬೇಕೇನೋ ಎಂದೆ. ಬೇಡ, ಒಂದು ಸಲ ಹತ್ತಿದ ಮೇಲೆ ಇಳಿಯುವುದು ಕಷ್ಟ ಎಂದ. ಈಗ ಕೆಳಗೆ ಸೆರಾಫಿನ್ ಜೊತೆ ನಿಂತಿದ್ದಾನೆ, ಆಗಾಗ ಕಿಟಕಿ ನೋಡುತ್ತಾನೆ.

೧೦.೫೫

ಗಂಟೆ! ಕೇಳಿಸುತ್ತಿದೆ. ಹುಲ್ಲು ತುರುಕದ ಗಂಟೆ, ದೊಡ್ಡವು, ಕಣಿವೆ ತುಂಬ. ಕೆಳಗೆ ಎಲ್ಲರೂ ಸೇತುವೆಯತ್ತ ತಿರುಗಿದರು. ಮುದುಕಿಯೊಬ್ಬಳು ಟೋಪಿ ಸರಿ ಮಾಡಿಕೊಂಡಳು.

ಸೇತುವೆಯ ತಿರುವು. ಮೊದಲ ಹಸು, ತಲೆ ಮೇಲೆ ಜುಲೈ ತಿಂಗಳ ಕಿರೀಟ. ಕನ್ನಡಿ ಹೊಳೆಯುತ್ತಿದೆ. ಅದರ ಪಕ್ಕ ಅಕ್ಕ, ಹೊಸ ಏಪ್ರನ್, ಕೈಯಲ್ಲಿ ಕೋಲು. ಹಿಂದೆ ಒಂದು, ಎರಡು, ಐದು... ಹೂವೇ ಹೂವು. ಲೋರೆ ಮೂರನೆಯದು, ಮಹಾರಾಣಿಯ ಹಾಗೆ. ಕತ್ತೆಗೂ ಯಾರೋ ಕಟ್ಟಿದ್ದಾರೆ.

ಎಣಿಸುತ್ತಿದ್ದೇನೆ. ಹನ್ನೊಂದು, ಹನ್ನೆರಡು —

ನಿಂತರು. ಸೇತುವೆಯ ಈ ತುದಿಯಲ್ಲಿ ಅಕ್ಕ ನಿಂತಳು, ಹಿಂದೆ ಇಡೀ ಮಂದೆ ನಿಂತಿತು. ಜನ ಮುಖ ಮುಖ ನೋಡಿಕೊಳ್ಳುತ್ತಿದ್ದಾರೆ. ಯಾರೋ ಓಡಿ ಹೋದರು, ಕೋಲು ಅಡ್ಡ ಹಿಡಿದು ತಡೆದಳು. ಸೆರಾಫಿನ್ ಹೋದ, ಅವನನ್ನೂ ತಡೆದಳು. ಚರ್ಚಿನ ಬಾಗಿಲಿಗೆ ಇನ್ನು ಇನ್ನೂರು ಹೆಜ್ಜೆ.

ಕತ್ತೆತ್ತಿ ಈ ಕಿಟಕಿಯನ್ನೇ ನೋಡುತ್ತಿದ್ದಾಳೆ. ದನ ಕರೆಯುವ ದನಿಯಲ್ಲೇ ಕೂಗಿದಳು, ಊರಿಗೆಲ್ಲ ಕೇಳುವ ಹಾಗೆ.

"ಮೆನಾ, ಪುಸ್ತಕ ಬಿಟ್ಟು ಇಳಿದು ಬಾ. ಕಾಲು ಇಲ್ಲೀತನಕ ತಂತು. ಇನ್ನು ನಿನ್ನ ತೋಳು ಬೇಕು."

ಯಾರ ತೋಳನ್ನೂ ಕೇಳಿದವಳಲ್ಲ. ಅಮ್ಮನ ಹೆಣದ ಹಿಂದೆ ನಡೆಯುವಾಗಲೂ ನಾನು ಚಾಚಿದ ಕೈ ತಳ್ಳಿದವಳು.

ಹದಿಮೂರರಿಂದ ಸೆರಾಫಿನ್ ಎಣಿಸಲಿ. ಶೂ ಎಲ್ಲಿ — ಇರಲಿ, ಮನೆ ಚಪ್ಪಲಿಯಲ್ಲೇ